ತಗಡು ಸುತ್ತಿದ ತಂತಿ

ಚೆನ್ನಕೇಶವನ ಮನೆಯ ರೇಡಿಯೋ ಹಾಡುವುದಕ್ಕಿಂತ ಹೆಚ್ಚಾಗಿ ಗುಂಯ್‌ಗುಡುತ್ತಿತ್ತು. ತಪ್ಪು ರೇಡಿಯೋದ್ದಲ್ಲ. ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದ ಅವನು ಬೆಂಗಳೂರಿನಿಂದ ಪ್ಲೇಟು ಹಾಕುವ ಕರೆಂಟಿನ ಯಂತ್ರ ತಂದು, ಅದರ ಹಾಡು ರೇಡಿಯೋದಲ್ಲಿ ಬರುವಂತೆ ತಂತಿ ಎಳೆದಿದ್ದ. ನಡುಮನೆಯಲ್ಲಿ ಯಾರು ಓಡಾಡಿದರೂ ಪ್ಲೇಟಿನ ಮೇಲಿನ ಮುಳ್ಳು ಹಾರುತ್ತದೆಂದು ಯಂತ್ರವನ್ನು ಒಳಕೋಣೆಯಲ್ಲಿಟ್ಟ. ರೇಡಿಯೋ ನಡುಮನೆಯಲ್ಲೇ ಉಳಿಯಿತು. ನಡುವಿನ ಉದ್ದನೆಯ ತಂತಿಗೆ ಎಲ್ಲಿಂದಲೋ ಸದ್ದು ಹೊಕ್ಕು, ಪ್ರತಿ ಹಾಡಿನ ಹಿಂದೆಯೂ ಜೇನುಹುಳುಗಳ ಸಂಸಾರವೊಂದು ಬೀಡುಬಿಟ್ಟಂತೆ ಕೇಳುತ್ತಿತ್ತು.

ಆದರೂ ಆ ಬೀದಿಯಲ್ಲಿ ಅಂಥ ಯಂತ್ರ ಇನ್ನೊಂದಿರಲಿಲ್ಲ. ಆ ಹೆಮ್ಮೆಯಲ್ಲೇ ಅವನು ಸದ್ದನ್ನು ಸಹಿಸಿಕೊಂಡಿದ್ದ. ಒಂದು ಶನಿವಾರ ಬೆಳಿಗ್ಗೆ ಮಂಡಿಗೆ ಹೊರಟವನಿಗೆ, ಕಲ್ಯಾಣದುರ್ಗದ ಮಾವ ಆಂಜಿನಪ್ಪ ತಮ್ಮ ಭಜನೆ ಮೇಳವನ್ನೇ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಬರುತ್ತಾರೆಂದು ಸುದ್ದಿ ಬಂತು. ಅಳಿಯನ ಯಂತ್ರ ಕೇಳಿಸುವುದಕ್ಕೆಂದೇ ಬರುತ್ತಾರಂತೆ. ಚೆನ್ನಕೇಶವನ ಎದೆ ಮೊದಲು ಉಬ್ಬಿತು, ಮರುಗಳಿಗೆಯೇ ಧಸಕ್ಕೆಂದಿತು. ಸಂಗೀತ ಬಲ್ಲವರ ಮುಂದೆ ಜೇನುಹುಳು ಕೂಗಿದರೆ ಮಾನ ಉಳಿಯುತ್ತದೆಯೇ?

ತಂತಿಗೆ ಲೋಹದ ಹೊದಿಕೆ ಹಾಕಿ, ಆ ಹೊದಿಕೆಯನ್ನು ನೆಲಕ್ಕೆ ಜೋಡಿಸಿದರೆ ಸದ್ದು ಮಣ್ಣಿಗೆ ಇಳಿದುಹೋಗುತ್ತದೆಂದು ಬೆಂಗಳೂರಿನ ಅಂಗಡಿಯವನು ಹೇಳಿದ್ದ. ಚೆನ್ನಕೇಶವ ಮಂಡಿಗೆ ರಜೆ ಹೇಳಿಕಳಿಸಿ ಕೂತ. ತಂತಿಯ ತುದಿಗಳನ್ನು ಬಿಚ್ಚಿ, ಕಿಲುಬು ಕೆರೆದು, ಸ್ಕ್ರೂ ಬಿಗಿದ. ಇನ್ನು ಹೊದಿಕೆ ಬೇಕು. ಎದುರಿನ ಕಿರಾಣಿ ಅಂಗಡಿಯ ವೆಂಕಟರಾಯಪ್ಪ ಟೀ ಪೆಟ್ಟಿಗೆಯೊಳಗಿನ ತಗಡಿನ ಕಾಗದ ಕೊಟ್ಟ. ಕೊಟ್ಟು ಸುಮ್ಮನಿರದೆ ತಾನೂ ಬಂದು, ಅಲ್ಲಿ ಸುತ್ತು, ಇಲ್ಲಿ ಸುತ್ತು ಎಂದು ಯಜಮಾನಿಕೆ ನಡೆಸಿದ. ಬೀದಿಯವರೆಲ್ಲ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹೊತ್ತು ತಂದರು. ಯಾರ ಕಾಗದವನ್ನು ಬಿಟ್ಟರೂ ಅವರಿಗೆ ಬೇಸರ. ಎಲ್ಲವನ್ನೂ ಸುತ್ತುವಷ್ಟರಲ್ಲಿ ತಂತಿ ಇಲಿ ನುಂಗಿದ ಹಾವಿನಂತೆ ಊದಿಕೊಂಡಿತು. ಪಕ್ಕದ ಮನೆಯ ನಾರಮ್ಮ ದೃಷ್ಟಿ ತಾಕಬಾರದೆಂದು ಅದಕ್ಕೊಂದು ನಿಂಬೆಹಣ್ಣು ಕಟ್ಟಿದಳು.

ಕೊನೆಗೆ ಹೊದಿಕೆಯಿಂದ ಬರಿಯ ತಾಮ್ರದ ತಂತಿಯೊಂದನ್ನು ಹಿತ್ತಲಿಗೆ ಎಳೆದು, ಬಚ್ಚಲ ನೀರು ಹರಿಯುವಲ್ಲಿ ಕಬ್ಬಿಣದ ಗೂಟ ಹೊಡೆದು ಬಿಗಿದದ್ದಾಯಿತು. ನಾರಮ್ಮನ ಮೇಕೆ ಆ ತಂತಿಗೆ ಕಾಲು ಸಿಕ್ಕಿಸಿಕೊಂಡು ಓಡಿತು. ಆ ಎಳೆತಕ್ಕೆ ಒಳಗೆ ರೇಡಿಯೋ ಮೇಜಿನ ಅಂಚಿನವರೆಗೆ ನಡೆದುಬಂತು. ಹೆಂಡತಿ ರಂಗಲಕ್ಷ್ಮಮ್ಮ ಮಗುವನ್ನು ಹಿಡಿದ ಹಾಗೆ ಅದನ್ನು ತಬ್ಬಿ ಹಿಡಿದಳು.

ಎಲ್ಲವನ್ನೂ ಸರಿಪಡಿಸಿ ಪ್ಲೇಟು ಹಾಕಿದಾಗ ಬೀದಿಯೇ ಉಸಿರು ಹಿಡಿದು ನಿಂತಿತ್ತು. ಹಾಡು ಬಂತು. ಅದರ ಹಿಂದೆ ಏನೂ ಇರಲಿಲ್ಲ. ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ವೆಂಕಟರಾಯಪ್ಪ, ತಗಡು ತನ್ನದೆಂದು ಬಂದವರಿಗೆಲ್ಲ ಹೇಳತೊಡಗಿದ. ಚೆನ್ನಕೇಶವ ಮೀಸೆಗೆ ಎಣ್ಣೆ ಸವರಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದ.

ಮಾವ ಮತ್ತು ಮೇಳದವರು ಕಾಫಿ ಕುಡಿದು, ತಾಳ ಹಿಡಿದು ಕೂತರು. ಅಳಿಯ ಒಳಕೋಣೆಯಲ್ಲಿ ಪ್ಲೇಟು ಹಾಕಿ, ಹೊಗಳಿಕೆ ಕೇಳಲು ಹೊರಗೆ ಬಂದ. ಆಂಜಿನಪ್ಪ ಹಾಡು ಮುಗಿಯುವವರೆಗೂ ಏನನ್ನೋ ಹುಡುಕುವವರಂತೆ ಕಿವಿ ಕೊಟ್ಟಿದ್ದರು.

"ಹಾಡು ಚೆಂದಾಗೈತೆ ಕಣಪ್ಪ, ಶ್ರುತಿ ಎಲ್ಲೋಯ್ತು?" ಎಂದರು.

"ಯಾವ ಶ್ರುತಿ ಮಾವ?"

"ಯುಗಾದಿಗೆ ಬಂದಾಗ ಬತ್ತಿತ್ತಲ್ಲ, ಗುಂಯ್ ಅಂತ. ನಮ್ಮ ಶ್ರುತಿಪೆಟ್ಗೆ ಹರಿದೋಗಿ ಬೋ ದಿನ ಆಯ್ತು. ನಮ್ಮಳಿಯನ ಮಿಷನ್ನಾಗೆ ತಂಬೂರಿ ಅದೇ, ಅದ್ರ ಜತೆ ಹಾಡಾನ ಬನ್ನಿ ಅಂತ ಇವ್ರನ್ನೆಲ್ಲ ಕರ್ಕಂಬಂದ್ಬುಟ್ಟಿವ್ನಿ."

ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವನ ಮುಖ ಬಾಡುವುದನ್ನು ಅಳಿಯನಿಂದ ನೋಡಲಾಗಲಿಲ್ಲ. ಶ್ರುತಿ ಮುಚ್ಚಿಟ್ಟಿದ್ದೇನೆ, ಈಗ ಬಿಡುತ್ತೇನೆ ಎಂದು ಒಳಗೆ ಓಡಿ, ಕೋಣೆಯ ಬಾಗಿಲ ಪರದೆ ಎಳೆದು, ಹಗಲೆಲ್ಲ ಸುತ್ತಿದ್ದ ತಗಡನ್ನು ಬರಬರನೆ ಹರಿದ. ಹಿತ್ತಲ ಗೂಟಕ್ಕೆ ಹೋಗುವ ತಾಮ್ರದ ತಂತಿ ಕಿತ್ತ. ಕಿವಿಗೊಟ್ಟ. ರೇಡಿಯೋ ತುಟಿಪಿಟಕ್ಕೆನ್ನಲಿಲ್ಲ. ತಂತಿ ಬರಿಮೈಯಾಗಿ ನಿಂತರೂ ಗುಂಯ್ ಇಲ್ಲ.

ಆಗ ಅವನಿಗೆ ಹೊಳೆಯಿತು. ರೋಗವಿದ್ದದ್ದು ಯಂತ್ರದ ಕಡೆ ಕಿಲುಬು ಹಿಡಿದಿದ್ದ ತಂತಿಯ ತುದಿಯಲ್ಲಿ, ಅದು ಬೆಳಿಗ್ಗೆ ಸ್ಕ್ರೂ ಬಿಗಿದಾಗಲೇ ವಾಸಿಯಾಗಿತ್ತು. ತಗಡು, ಗೂಟ, ನಿಂಬೆಹಣ್ಣು ಎಲ್ಲವೂ ದಂಡ. ಸ್ಕ್ರೂ ಸಡಿಲಿಸೋಣವೆಂದರೆ, ಬೆಳಿಗ್ಗೆ ಬಿಗಿದ ಭರಕ್ಕೆ ಅದರ ತಲೆಯೇ ಸವೆದಿತ್ತು.

ಹೊರಗೆ ತಾಳ ಒಮ್ಮೆ ಕಿಣಿಯೆಂದು ಸುಮ್ಮನಾಯಿತು. ಚೆನ್ನಕೇಶವ ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ತುಟಿ ಮುಚ್ಚಿ, ಮೂಗಿನಿಂದ ಶುರುಮಾಡಿದ: "ಮ್‌ಮ್‌ಮ್..."

"ಅದೇ ನೋಡ್ರಪ್ಪ!" ಎಂದರು ಆಂಜಿನಪ್ಪ. ಭಜನೆ ಎದ್ದಿತು. ಬೀದಿಯವರು ಬಾಗಿಲಲ್ಲಿ ನೆರೆದು ತಲೆದೂಗಿದರು. ಪರದೆ ಸರಿಸಿ ಇಣುಕಿದ ರಂಗಲಕ್ಷ್ಮಮ್ಮ, ಗಂಡನ ಉಬ್ಬಿದ ಕೆನ್ನೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

ಬಹಳ ಹೊತ್ತು ಹಾಡಿ ಕಡೆಯ ಮಂಗಳಕ್ಕೆ ಬರುವ ಮುನ್ನ ಆಂಜಿನಪ್ಪ, ಇಂಥ ಯಂತ್ರ ಸುತ್ತಮುತ್ತ ಎಲ್ಲೂ ಇಲ್ಲವೆಂದು ಬೀದಿಯವರಿಗೆಲ್ಲ ಸಾರಿದರು. ಆಮೇಲೆ ಪರದೆಯತ್ತ ತಿರುಗಿದರು.

"ಅಳಿಯಂದ್ರೆ, ಶಿವರಾತ್ರಿ ಜಾಗರಣೆಗೆ ಮಿಷನ್ನು ತಕ್ಕಂಡು ನಮ್ಮೂರಿಗೆ ಬಂದ್ಬುಡ್ರಿ. ಬೆಳಗಾನ ಭಜನೆ ಐತೆ. ಆಗ್ಬೋದಾ?"

ಶ್ರುತಿ ನಿಲ್ಲಿಸುವಂತಿರಲಿಲ್ಲ. ಒಳಗಿನಿಂದ "ಮ್‌ಮ್‌ಮ್..." ಎಂದಷ್ಟೇ ಬಂತು.

"ಹ್ಞೂಂ ಅಂತವ್ರೆ ಕಣಪ್ಪ," ಎಂದಳು ರಂಗಲಕ್ಷ್ಮಮ್ಮ.