ಚೀನೀ ಪುರಾಣಕ್ಕ ನಾ ಅರ್ಥಾ ಹೇಳಿದ್ದು

ರಸ್ತಾಕ ಮುಖಾ ಮಾಡಿ ಅಂಗಡಿ ಇಟ್ಟಾಂವ ನಗಿ ಹುಡುಕ್ಕೊಂಡು ಎಲ್ಲೂ ಹೋಗೂದು ಬೇಕಾಗಿಲ್ಲ. ಮುಂಜಾನೆ ಶಟರ್ ಎತ್ತಿದ್ರ ಸಾಕು, ಅದ ಒಳಗ ಬಂದು ಕುಂದರತೈತಿ. ಬೈಲಹೊಂಗಲ ಬಸ್ ಸ್ಟ್ಯಾಂಡ್ ಹಿಂದ ನಂದೊಂದು ಸಿ.ಡಿ. ಲೈಬ್ರರಿ ಇತ್ತು. ಸಿನಿಮಾ ಸಿ.ಡಿ. ಬಾಡಿಗಿ ಕೊಡೂದು, ಮದುವಿ ಮನಿಗೆ ಟಿ.ವಿ. ಕೊಡೂದು, ಇಷ್ಟ ನನ್ನ ಉದ್ಯೋಗ. ಎರಡು ಸಾವಿರದ ಆಚೀಚಿ ವರ್ಷಗಳ ಮಾತು. ಆ ಅಂಗಡ್ಯಾಗ ಒಂದು ಚೀನೀ ಹೆಣಾ ನನ್ನ ಹೊಟ್ಟಿ ಹ್ಯಾಂಗ ಕಾಯ್ತು ಅನ್ನೂದು ಹೇಳತೇನಿ.

ಹೆಣಾ ಬಂದದ್ದು

ನಾ ಬಾಡಿಗಿಗೆ ಹಿಡದ ಆ ಜಾಗಾದ ಮಾಲಕರು ಚಾಚಾ. ಮೂವತ್ತು ವರ್ಷ ಲಾರಿ ಹೊಡದು, ರಿಟೈರ್ ಆಗಿ ಮನ್ಯಾಗ ಕುಂತವರು. ಕುಂತವರು ಅನ್ನೂದು ಬರೇ ಮಾತಿಗೆ. ಮನ್ಯಾಗ ಕುಂದರಾಕ ಅವರಿಗೆ ಬರ್ತಾನ ಇರಲಿಲ್ಲ. ದೀಪಾವಳಿ ಮುಂದ ಒಂದಿನ ಬಂದವರ, ಅಂಗಡಿ ಖಾಲಿ ಮಾಡಬೇಕಪಾ, ಅಳಿಯ ಮೊಬೈಲ್ ಅಂಗಡಿ ಇಡತಾನಂತ, ದಿನಾ ಮನ್ಯಾಗ ಅದ ಜಗಳಾ ಅಂದ್ರು. ನನಗ ಎರಡ ಮಕ್ಕಳು, ಮನಿಗೆ ಇದ್ದದ್ದು ಇದೊಂದ ಆಸರ.

ಅದ ದಿನ ಬೆಳಗಾವಿಂದ ನನ್ನ ಬಾಕ್ಸ್ ಬಂದಿತ್ತು. ಕನ್ನಡ ಕಾಮಿಡಿ, ಭಜನಿ ಪದಾ ಕಳಸ್ರಿ ಅಂದಿದ್ರ ಆ ಹೋಲ್‌ಸೇಲ್ ಪುಣ್ಯಾತ್ಮ ಚೀನಾದ್ದೊಂದು ಸೀರಿಯಲ್ ಕಳಿಸಿದ್ದ. ಇಪ್ಪತ್ನಾಕು ಸಿ.ಡಿ.! ಮ್ಯಾಲಿನ ಚಿತ್ರದಾಗ ಒಬ್ಬ ದಪ್ಪ ಮನಶ್ಯಾ ಒಂದು ಕೈಯಾಗ ಚಾಕು, ಇನ್ನೊಂದು ಕೈಯಾಗ ಗೋಬಿಗಡ್ಡಿ ಹಿಡಕೊಂಡು ಅಳಾಕತ್ತಿದ್ದ. ಸಿಟ್ಟಿಗೆ ಮೊದಲನೇದು ಹಚ್ಚಿದ್ನಿ.

ಮೂರು ಮಂದಿ ಅಣ್ಣತಮ್ಮಂದಿರು ಒಂದು ಖಾನಾವಳಿ ಇಟ್ಟಾರ. ಊಟಕ್ಕ ಬಂದ ಗಿರಾಕಿ ಒಬ್ಬ ಕುಂತಲ್ಲೇ ಸತ್ತ. ಯಾರೋ ಕೊಂದಾರ, ಆದ್ರ ಇವರ ಮ್ಯಾಲ ಬರತೈತಿ ಅಂತ ಹೆಣಕ್ಕ ಟೊಪಗಿ, ಚಸ್ಮಾ ಹಾಕಿ ಬಂಡ್ಯಾಗ ಕುಂದರಿಸಿಕೊಂಡು ಹೊಂಟಾರ. ಹಾದ್ಯಾಗ ಪೊಲೀಸ ಭೆಟ್ಟಿ ಆಗಿ ಹೆಣಕ್ಕ ಸಿಗರೇಟು ಕೊಡತಾನ. ಹೆಣಾ ತಗೊಳ್ಳಂಗಿಲ್ಲ. ಪೊಲೀಸಗ ಸಿಟ್ಟು ಬಂತು.

ಹಿಂದಿನಿಂದ ಯಾರೋ ಕಿಸಕ್ ಅಂದ್ರು. ತಿರಗಿ ನೋಡಿದ್ರ ಚಾಚಾ. ಅಂಗಡಿ ಬಿಡಸಾಕ ಬಂದ ಮನಶ್ಯಾ ಸ್ಟೂಲ್ ಎಳಕೊಂಡು ಕುಂತಬಿಟ್ಟಿದ್ರು.

"ಸತ್ತಾಂವ ಯಾರೊ?" ಅಂದ್ರು.

ನನಗೇನ ಗೊತ್ತು? ಭಾಷಾ ಒಂದಕ್ಷರ ತಿಳಿವಲ್ದು. ಆದ್ರ ಶ್ರಾವಣದಾಗ ಮಠದ ಪುರಾಣಕ್ಕ ನಾಕು ವರ್ಷ ಅರ್ಥಾ ಹೇಳಿದ ಬಾಯಿದು. ಒಬ್ಬರು ಪದ್ಯಾ ಓದೂದು, ನಾ ಅರ್ಥಾ ಹೇಳೂದು. ಅದ ಧಾಟ್ಯಾಗ ಶುರು ಮಾಡಿದ್ನಿ. ಸತ್ತಾಂವ ಊರ ಗೌಡನ ಮಗಾ, ಆಸ್ತಿ ಸಲುವಾಗಿ ಯಾರೋ ವಿಷಾ ಹಾಕ್ಯಾರ, ಯಾರು ಅನ್ನೂದು ಮುಂದ ಬರತೈತ್ರಿ ಅಂದ್ನಿ.

ಸಂಜೀಕ ಅಳಿಯ ಬಂದು ಯಾವಾಗ ಖಾಲಿ ಅಂತ ಕೇಳಿದ. ಚಾಚಾ ಅಂವ್ಗ ಬೈದು ಹೇಳಿದ್ರು: "ಪುರಾಣ ಹಚ್ಚಿದ ಮ್ಯಾಲೆ ಮಂಗಳ ಆಗೂತನಾ ನಡುವ ಯಾರರೆ ಎಬ್ಬಸತಾರೇನೊ? ಇದು ಮುಗೀಲಿ."

ಅವತ್ತಿಂದ ನನ್ನ ಅಂಗಡಿ ಆಯುಷ್ಯ ಇಪ್ಪತ್ಮೂರು ಸಿ.ಡಿ.

ಅಣ್ಣ ತಂಗಿ ಲಗ್ನಾ

ದಿನಕ್ಕ ಒಂದ ಸಿ.ಡಿ., ಅದಕ್ಕೂ ಮೊದಲ ಹಿಂದಿನ ದಿನದ್ದು ಅರ್ಧಾ ಇನ್ನೊಮ್ಮೆ, ಸಂತಿ ದಿನಾ ಸೂಟಿ. ಹಿಂಗ ಎಳದ್ನಿ. ಮಂದಿ ಹೆಚ್ಚಾದ್ರು. ನಗಬೇಕೋ ಅಂಜಬೇಕೋ ತಿಳಿಯದಂಥಾ ಕಥಿ ಅದು. ಖೂನಿ ಮಾಡಾಕ ಬಂದಾಂವ ಚಪ್ಪಲಿ ಬಾಗಿಲದಾಗ ಬಿಟ್ಟು ಒಳಗ ಬರತಾನ, ಹೋಗುವಾಗ ಬ್ಯಾರೆದವ್ರದು ಮೆಟ್ಟಿಕೊಂಡು ಹೋಗತಾನ. ನಮ್ಮ ಮಂದಿಗೆ ಇದೊಂದು ಸಾಕಾತು. ಅದು ಚೀನಾ ಅಲ್ಲ, ನಮ್ಮ ಸವದತ್ತಿ ಗುಡಿ ಬಾಗಿಲಾ ಅಂತಿದ್ರು.

ಆದ್ರ ಅರ್ಥಾ ಹೇಳಾವಗ ಒಂದು ತ್ರಾಸೈತಿ. ಮೊದಲನೇ ದಿನಾ ನಾ ಹುಮ್ಮಸ್ಸಿನ್ಯಾಗ, ಸಿ.ಡಿ.ಯಾಗ ಕಂಡ ಒಬ್ಬ ಹುಡುಗಿಗೆ, ಈಕಿ ಆ ಪೊಲೀಸನ ತಂಗಿ ಅಂತ ಹೇಳಿಬಿಟ್ಟಿದ್ದೆ. ಆರನೇ ಸಿ.ಡಿ.ಯೊಳಗ ಇಬ್ಬರದೂ ಲಗ್ನಾ ಆತು! ಚಾಚಾ ನನ್ನ ಮಾರಿ ನೋಡಾಕತ್ತಿದ್ರು. ಇವತ್ತ ಮಂಗಳ ಆತು ಅಂತ ತಿಳಕೊಂಡ್ನಿ.

ಮನೋಳಿಯಿಂದ ಮೊಮ್ಮಗಳ ಮನಿಗೆ ಬಂದ ಒಬ್ಬ ಆಯಿ ಮುಂದಿನ ಸಾಲಿನ್ಯಾಗ ಕುಂತಿದ್ಲು. ಎಲಿ ಅಡಿಕಿ ದವಡಿಗೆ ಸರಸಿ ನನಗ ಬೈದ್ಲು. "ಒಡಹುಟ್ಟಿದ ಅಣ್ಣ ಅಲ್ಲೋ ಅಂವ, ಸ್ವಾದರತ್ತಿ ಮಗಾ ಅದಾನ. ಮೂಗು ನೋಡಿದ್ರ ತಿಳೀತೈತಿ. ಸಂಬಂಧದ ವರಸಿ ಗೊತ್ತಿಲ್ಲದ ಅರ್ಥಾ ಹೇಳಾಕ ಕುಂದರಬ್ಯಾಡ."

ಎಲ್ಲಾರೂ ಹೌದ ಹೌದ ಅಂದ್ರು. ನಾ ಕೈ ಮುಗದ್ನಿ. ಆಯಿಗೆ ಮಾತ್ರ ಸಮಾಧಾನ ಆಗಲಿಲ್ಲ. ಲಗ್ನದಾಗ ಒಬ್ಬರೂ ಅಕ್ಕಿಕಾಳು ಒಗೀಲಿಲ್ಲ, ಇದ್ದ ಅಕ್ಕಿ ಎಲ್ಲಾ ಕುದಿಸಿ ತಾವ ತಿಂದ್ರು, ಎಂಥಾ ಬೀಗರಿವ್ರು ಅಂತ ಮನೋಳಿ ಬಸ್ ಬರೂತನಾ ಗೊಣಗಿದ್ಲು.

ಎಂ.ಕೆ. ಹುಬ್ಬಳ್ಳಿ ಪಾಳಿ

ಕಬ್ಬಿನ ಹಂಗಾಮು ಶುರು ಆತು. ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿ ಮುಂದ ಕಬ್ಬಿನ ಗಾಡಿ ಪಾಳಿ ಹಚ್ಚಿದ್ರ ಎಷ್ಟೋ ತಾಸು ಕಾಯಬೇಕು. ನಮ್ಮ ಕಥಿಗೆ ಬರ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ, ನಾ ಹೋದ್ರ ಒಂಬತ್ತನೇ ಸಿ.ಡಿ. ತಪ್ಪತೈತಿ ಅಂತ ನನ್ನನ್ನ, ಟಿ.ವಿ.ಯನ್ನ, ಚಾಚಾನ್ನ ಎಲ್ಲಾ ಕಬ್ಬಿನ ಮುಂದ ಕುಂದರಿಸಿಕೊಂಡು ಹೋದ.

ಪಾಳಿ ಬಾಜೂಕ ಒಂದು ಚಹಾದಂಗಡಿ. ಅಲ್ಲೇ ಹಚ್ಚಿದ್ವಿ. ಹೆಣಾ ಕಳದಿತ್ತು, ಮೂವರು ಅಣ್ಣತಮ್ಮಂದಿರು ಅಳಕೋತ ಹುಡುಕಾಕತ್ತಿದ್ರು. ಇತ್ತ ಪಾಳಿ ಸರೀತು. ಯಾರೂ ಏಳಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡದ್ರು, ಆಮ್ಯಾಲೆ ಜಗಳಾಕ ಬಂದ್ರು, ಬಂದವರೂ ಕುಂತ್ರು. ಮುಂದ ಅರ್ಧಾ ರಸ್ತಾ ಖಾಲಿ ಬಿದ್ದಿತ್ತು.

ಸಿ.ಡಿ. ಮುಗದ ಮ್ಯಾಲೆ ನೇಸರಗಿಯ ಒಬ್ಬ ಯಜಮಾನ್ರು ಹೊರಗ ಬಂದು, ನನ್ನ ಚಕ್ಕಡಿ ಎಲ್ಲಿ ಅಂತ ಬಾಯಿ ಬಾಯಿ ಬಡಕೊಂಡ್ರು. ದಿನಾ ಪಾಳಿ ಹಚ್ಚಿ ರೂಢಿ ಆಗಿದ್ದ ಅವರ ಎತ್ತು, ಹಾದಿ ಖಾಲಿ ಐತೆಂತ ತಾವ ನಡಕೊಂಡು ಹೋಗಿ, ಎಲ್ಲಾರ್ಕಿಂತ ಮೊದಲ ತೂಕದ ಕಾಟಾದ ಮುಂದ ನಿಂತಿದ್ದುವು.

ಯಜಮಾನ್ರು ಎತ್ತಿನ ಬೆನ್ನು ಸವರಿ ಅಂದ್ರು: "ಇವಕ್ಕ ಚೀನೀ ಭಾಷಾ ತಿಳಿಯಂಗಿಲ್ಲ ನೋಡ್ರಿ, ಅದಕ್ಕ ಕೆಲಸಾ ಆತು."

ರಾಮದುರ್ಗದ ಕಾರ್ಡು

ನಡುವ, ನಮ್ಮ ಕಥಿಗೆ ಬರ್ತಿದ್ದ ಒಬ್ಬ ಮಾಸ್ತರ್ಗ ರಾಮದುರ್ಗಕ್ಕ ವರ್ಗ ಆತು. ವಾರದಾಗ ಅವರದೊಂದು ಕಾರ್ಡು ಬಂತು. ಇಲ್ಲಿ ಎಲ್ಲಾರೂ ಕ್ಷೇಮ, ಟೊಪಗಿ ಹಾಕಿದ ಹೆಣಾ ಸಿಕ್ಕಿತೋ ಹೆಂಗ, ಕೂಡಲೇ ತಿಳಸಬೇಕು ಅಂತ ಬರದಿದ್ರು. ನಾ ಪೆನ್ನು ಹುಡುಕಾಕತ್ತಿದ್ನಿ.

ಪೋಸ್ಟ್‌ಮನ್ ಸೈಕಲ್ ಹತ್ತಿ ಹೇಳಿದ: "ತ್ರಾಸ ತಗೋಬ್ಯಾಡ್ರಿ. ಕಾರ್ಡು ನಿನ್ನೇನ ಓದಿ, ಇನ್ನೂ ಸಿಕ್ಕಿಲ್ಲ ಅಂತ ನಾನ ಬರದು ಹಾಕೇನಿ."

ಮಂಗಳದ ದಿನಾ

ಎಷ್ಟ ಎಳದ್ರೂ ಇಪ್ಪತ್ಮೂರನೇದೂ ಮುಗೀತು, ಒಂದ ಉಳೀತು. ಕಡೀ ಸಿ.ಡಿ. ಗೀರು ಬಿದ್ದೈತಿ ಅಂತ ನಾಕು ದಿನಾ ತಳ್ಳಿದ್ನಿ. ಐದನೇ ದಿನಾ ಅಳಿಯ ತಾನ ಬಂದು ಅದನ್ನ ಅಂಗಿ ಚುಂಗಿನಿಂದ ಒರಸಿ, ಬೆಳಕಿಗೆ ಹಿಡದು, ಚೊಲೋನ ಐತಲ್ಲ ಅಂದ. ಕೈಯಾಗ ಅಳತಿ ಟೇಪು ತಂದಿದ್ದ. ಕಥಿ ಮುಗಿಯೂದರಾಗ ಗ್ವಾಡಿ ಅಳದು ಇಡತೇನಿ ಅಂತ ಅಳ್ಯಾಕ ಶುರು ಮಾಡಿದ. ಮನ್ಯಾಗ ಹೆಂಡತಿಗೆ ಏನ ಹೇಳೂದು ಅಂತ ನನಗ ಅಳು ಬಂದಂಗ ಆತು.

ಅದರಾಗ ಚಾಚಾ ಇನ್ನೊಂದು ತ್ರಾಸ ತಂದ್ರು. ಚಳಿಗಾಲಕ್ಕ ಸ್ವೆಟರ್ ಮಾರಾಕ ಬರ್ತಿದ್ದ ಟಿಬೆಟಿಯನ್ ಮನಶ್ಯಾನ ಕೈ ಹಿಡಕೊಂಡು ಬಂದು, ಇವರಿಗೆ ಚೀನೀ ಬರತೈತಿ, ಕಡೀ ಭಾಗಕ್ಕ ಇವರ ಅರ್ಥಾ ಹೇಳ್ಲಿ ಅಂದ್ರು. ಮುಗೀತು. ತಿಂಗಳ ಮ್ಯಾಲಿನ ನನ್ನ ಸುಳ್ಳು ಇನ್ನ ಊರ ಮುಂದ ಬೀಳತೈತಿ. ಗೌಡ ಇಲ್ಲ, ಆಸ್ತಿ ಇಲ್ಲ, ಸ್ವಾದರತ್ತಿ ಇಲ್ಲ. ಅಂಗಡಿ ಅಂತೂ ಹೋತು, ಮರ್ಯಾದೀನೂ ಹೋತು.

ಸಿ.ಡಿ. ಓಡ್ತು. ಮುಗದ ಮ್ಯಾಲೆ ಒಮ್ಮೆಲೆ ಹೇಳತೇನಿ ಅಂತ ಅಂವ ಸ್ಟೂಲ್ ಎಳಕೊಂಡು ಕುಂತ. ಕಡೀಕ ಆ ದಪ್ಪ ಮನಶ್ಯಾ ಗುಡ್ಡದ ಮ್ಯಾಲೆ ಒಂದು ಪೆಟಿಗಿ ಹುಗದು, ಅತ್ತು, ಜೋರಾಗಿ ನಕ್ಕ. ಚಿತ್ರ ನಿಂತಿತು. ಅಳಿಯ ಟೇಪು ಸುತ್ತಿಕೊಂಡ. ಎಲ್ಲಾರೂ ಸ್ವೆಟರ್‌ದವನ ಮಾರಿ ನೋಡಿದ್ರು.

ಅಂವ ಗಂಟಲಾ ಸರಿ ಮಾಡಿಕೊಂಡು ಹೇಳಿದ: "ಸತ್ತಾಂವ ಸತ್ತಿಲ್ರಿ. ಪೆಟಿಗ್ಯಾಗ ಇದ್ದದ್ದು ಬರೇ ಟೊಪಗಿ. ಅಂವ ಮೊದಲಿನಿಂದ ಇವರ ನಡುವನ ಅಡ್ಡ್ಯಾಡಾಕತ್ತಾನ. ಯಾರು ಅನ್ನೂದು ಮೊದಲನೇ ಸಿ.ಡಿ.ಯೊಳಗ ಐತಿ, ನೀವು ಬರೋಬ್ಬರಿ ನೋಡಿಲ್ಲ."

ಗದ್ದಲಂದ್ರ ಗದ್ದಲ. ಸತ್ತಾಂವ ಆ ಪೊಲೀಸನ, ಅವತ್ತ ಹೇಳಿರ್ಲಿಲ್ಲೇನು, ಅಂತ ಒಬ್ಬ. ಸ್ವಾದರತ್ತಿ ಮಗನ ಮ್ಯಾಲೆ ಸುಮ್ನ ಅಪವಾದ ಹೊರಸಬ್ಯಾಡ ಅಂತ ಇನ್ನೊಬ್ಬ. ಚಾಚಾ ಕೈ ಎತ್ತಿದ್ರು. ಸತ್ತಾಂವ ಯಾರಂತ ತಿಳೀಲಿಲ್ಲ ಅಂದ್ರ ಮಂಗಳ ಎಲ್ಲಿ ಆತು, ನಾಳಿಂದ ಮೊದಲನೇದು ಹಚ್ಚು ಅಂದ್ರು. ಅಳಿಯ ಟೇಪು ಕಿಸೇದಾಗ ಇಟ್ಟುಕೊಂಡು ಸಿಟ್ಟಿಲೆ ಹೋದ.

ನಾ ಸ್ವೆಟರ್‌ದವನ್ನ ಬಾಜೂಕ ಕರಕೊಂಡು ಹೋಗಿ ಚಹಾ ಕುಡಿಸಿದ್ನಿ. ಖರೇನ ಹಂಗ ಐತೇನ್ರಿ ಕಥಿ ಅಂತ ಕೇಳಿದ್ನಿ.

"ನಾ ಹುಟ್ಟಿದ್ದು ಬೆಳದದ್ದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ್ಯಾಗ್ರಿ," ಅಂದ. "ಚೀನೀ ನನಗೆಲ್ಲಿ ಬರಬೇಕು? ಚಾಚಾ ಬರುವಾಗ ಹಾದ್ಯಾಗ ಕೈ ಮುಗದ್ರು. ಏನರೆ ಹೇಳಪಾ, ಆದ್ರ ಮುಗದಂಗ ಮಾಡಬ್ಯಾಡ, ಅಂಗಡಿ ಅಳಿಯಗ ಹೋದ್ರ ಇಡೀ ದಿನಾ ನಾ ಎಲ್ಲಿ ಕುಂದರ್ಲಿ ಅಂದ್ರು."

ನನಗ ಕಣ್ಣಾಗ ನೀರು ಬಂತು. ಅಂವ ಬಶಿಯೊಳಗಿನ ಚಹಾ ಹೀರಿ, ಸ್ವೆಟರ್ ಗಂಟು ಹೆಗಲಿಗೆ ಏರಿಸಿದ. ನಾಕು ಹೆಜ್ಜಿ ಹೋದಾಂವ ಹೊಳ್ಳಿ ಬಂದು, ಯಾರೂ ಕೇಳಬಾರದಂಗ ಸಣ್ಣ ದನೀಲೆ ಅಂದ:

"ನಾಳೆ ಎಷ್ಟಕ್ಕ ಹಚ್ಚತೀರಿ? ಸತ್ತಾಂವ ಯಾರಂತ ನನಗೂ ತಿಳೀಬೇಕಲ್ರಿ."