ಮೂತಿ ಕಾಕಾನದು, ಬಾಲ ಅಪ್ಪನದು

ನಮ್ಮ ಕಾಕಾ ಸ್ವಂತ ಅಣ್ಣನ, ಅಂದರೆ ನಮ್ಮ ಅಪ್ಪನ, ಜೊತೆ ಮಾತು ಬಿಟ್ಟಿದ್ದ. ಮೋಟಾರು ಗಾಡಿಯ ಜೊತೆ ಮಾತ್ರ ಮುಂಜಾನೆಯಿಂದ ಸಂಜೆಯವರೆಗೆ ಮಾತಾಡುತ್ತಿದ್ದ! ಹುಚ್ಚ ಅಂದಿರೇ? ಅವಸರ ಮಾಡಬೇಡಿ. ಇಡೀ ಹುಬ್ಬಳ್ಳಿಯಲ್ಲಿ ಅವನಷ್ಟು ಶಾಣ್ಯಾ ಮನುಷ್ಯನನ್ನು ನಾನು ಕಂಡಿಲ್ಲ. ಮನುಷ್ಯರನ್ನು ಅಳೆಯುವುದು ನನಗೆ ಕಸುಬಿನಿಂದಲೇ ಬಂದ ವಿದ್ಯೆ. ಹಳೆಯ ಮೋಟಾರು ಸಾಮಾನು ಕೊಂಡು ಮಾರುವ ಅಂಗಡಿ ನನ್ನದು. ಒಂದು ಗೋಣಿತಾಟಿನ ಮೇಲೆ ನಟ್ಟು ಬೋಲ್ಟು ಹರವಿಕೊಂಡು ಶುರುಮಾಡಿ, ಗೋಕುಲ ರಸ್ತೆಯಲ್ಲಿ ತಗಡಿನ ಮಾಡು ಹಾಕುವವರೆಗೆ ಬಂದವನು ನಾನು. ಕೊಳ್ಳಲು ಬಂದವನು ಚಪ್ಪಲಿ ಕಳಚುವ ರೀತಿಯಲ್ಲೇ ಅವನು ಎಷ್ಟಕ್ಕೆ ಬಗ್ಗುತ್ತಾನೆಂದು ಹೇಳಬಲ್ಲೆ. ಅಂಥ ನನಗೂ ಲೆಕ್ಕ ಹತ್ತದ ಒಬ್ಬನೇ ಅಂದರೆ ಕಾಕಾ.

ಮೊದಲು ಗಾಡಿಯ ವಿಷಯ ಹೇಳಬೇಕು. ಯುದ್ಧ ಮುಗಿದು ಬಿಳಿಯ ಸಾಹೇಬರೆಲ್ಲ ಗಂಟುಮೂಟೆ ಕಟ್ಟುವ ಕಾಲಕ್ಕೆ ನಮ್ಮ ಅಜ್ಜ ಹರಾಜಿನಲ್ಲಿ ಹಿಡಿದ ವ್ಯಾಗನ್ ಅದು. ಉದ್ದ ಮೂತಿ, ಹಿಂದೆ ಕಟ್ಟಿಗೆಯ ಪಟ್ಟಿ ಬಡಿದ ಪೆಟ್ಟಿಗೆಯಂಥ ಮೈ, ಒಳಗೆ ಮೂರು ಸಾಲು ಸೀಟು. ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಮೊಮ್ಮಕ್ಕಳು, ಮೇಲೆ ಜೋಳದ ಚೀಲ, ಎಲ್ಲರೂ ಹಿಡಿಸುತ್ತಿದ್ದರು. ಗೋಪನಕೊಪ್ಪದಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ಜನ ಮನೆ ತೋರಿಸುತ್ತಿರಲಿಲ್ಲ, ಗಾಡಿ ತೋರಿಸುತ್ತಿದ್ದರು.

ಅಜ್ಜ ಹೋದ ಮೇಲೆ ಅಣ್ಣತಮ್ಮಂದಿರಿಗೆ ಜಗಳ ಬಿತ್ತು. ಅಪ್ಪನಿಗೆ ಹಿಟ್ಟಿನ ಗಿರಣಿ ಹಾಕಬೇಕು. ಕಾಕಾನಿಗೆ ಚುರುಮುರಿ ಭಟ್ಟಿ ಹಾಕಬೇಕು. ಒಬ್ಬ ಹಿಟ್ಟು ಅಂದರೆ ಇನ್ನೊಬ್ಬ ಚುರುಮುರಿ ಅಂದ. ಕೊನೆಗೆ ಗಿರಣಿಯೂ ಏಳಲಿಲ್ಲ, ಭಟ್ಟಿಯೂ ಏಳಲಿಲ್ಲ, ಮನೆಯ ನಡುವೆ ಗೋಡೆ ಮಾತ್ರ ಎದ್ದಿತು! ಹಿರಿಯರು ಕೂತು ಆಸ್ತಿಯ ವಾಟ್ನಿ ಮಾಡಿದರು. ಹೊಲ ಹಂಚಿದರು, ಹಂಡೆ ಹಂಚಿದರು, ಹತ್ತಿಯ ಗಾದಿ ಹಂಚಿದರು. ಗಾಡಿ ಬಂದಾಗ ಮಾತ್ರ ಕುತ್ತಿಗೆಗೆ ಬಂತು. "ಅವಂಗ ಕೊಡ್ರಿ, ನಾ ಒಲ್ಲೆ" ಅಂತ ಇಬ್ಬರೂ ಬಾಯಲ್ಲಿ ಹೇಳುತ್ತಾರೆ, ಕೈ ಮಾತ್ರ ಇಬ್ಬರದೂ ಬಾನೆಟ್ಟಿನ ಮೇಲೆ! ಬೇಸತ್ತ ಹಿರಿಯರೊಬ್ಬರು ಎದ್ದು ಧೋತರ ಝಾಡಿಸಿಕೊಳ್ಳುತ್ತ ಚೇಷ್ಟೆಗೆ ಅಂದರು:

"ಹಂಗಾರ ಮೂತಿ ತಮ್ಮಗ, ಬಾಲ ಅಣ್ಣಗ! ಏಳ್ರಪಾ, ಊಟಕ್ಕ ಹೊತ್ತಾತು."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಮರುದಿನವೇ ಸುಣ್ಣದ ಕಡ್ಡಿ ತಂದು ಗಾಡಿಯ ನಡುಮಧ್ಯೆ ಗೆರೆ ಎಳೆದ!

ಅಲ್ಲಿಂದ ಶುರುವಾಯಿತು ನೋಡಿ. ಇಂಜಿನ್ನು, ದೀಪ, ಹಾರ್ನು, ಸ್ಟೇರಿಂಗು ಕಾಕಾನವು. ಹಿಂದಿನ ಸೀಟು, ಹಿಂದಿನ ಬಾಗಿಲು, ಹಿಂದಿನ ಗಾಲಿ ಅಪ್ಪನವು. ಪೆಟ್ರೋಲಿನ ಟಾಕಿ ಹಿಂದಿದ್ದದ್ದರಿಂದ ಪೆಟ್ರೋಲು ಹಾಕುವುದು ಅಪ್ಪನ ಪಾಲಿಗೆ, ಅದನ್ನು ಸುಡುವುದು ಕಾಕಾನ ಪಾಲಿಗೆ! ಇದರಲ್ಲಿ ಯಾರಿಗೆ ಲಾಭ ಎಂದು ನೀವೇ ಹೇಳಿ. ಹಳೆಯ ಗಾಡಿಯನ್ನು ಪಾಲಿನಲ್ಲಿ ಇಟ್ಟುಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ಮೊದಲು ಟಾಕಿ ಎಲ್ಲಿದೆ ನೋಡಿಕೊಳ್ಳಿ.

ಕಾಕಾ ತನ್ನ ಪಾಲನ್ನು ಸುಮ್ಮನೆ ಬಿಡಲಿಲ್ಲ. ನನ್ನ ಅಂಗಡಿಗೆ ಬಂದು, ಹಳೆಯ ಲಾರಿಯೊಂದರಿಂದ ಬಿಚ್ಚಿದ ಹಿತ್ತಾಳೆಯ ಹಾರ್ನನ್ನು ಚೌಕಾಶಿ ಮಾಡದೆ ಒಯ್ದು ಕೂಡಿಸಿದ. ಅದನ್ನು ಒತ್ತಿದರೆ ಮೂರು ಓಣಿಯ ಎಮ್ಮೆಗಳು ಒಟ್ಟಿಗೇ ತಲೆ ಎತ್ತುತ್ತಿದ್ದವು. ಅಪ್ಪ ಗೋಡೆಯ ಆಚೆಯಿಂದ ಕೇಳಿಸಿಕೊಂಡ. ಮರುವಾರವೇ ಹಿಂದಿನ ಸೀಟಿಗೆ ಹೊಸ ಹತ್ತಿ ತುಂಬಿಸಿ, ಕಿಟಕಿಗಳಿಗೆ ಇಳಕಲ್ ಸೀರೆಯ ಸೆರಗಿನಂಥ ಪಡದೆ ಹೊಲಿಸಿದ. ಕಾಕಾ ಮುಂದೆ ಹಳದಿ ಗಾಜಿನ ದೀಪ ಹಾಕಿದ. ಅಪ್ಪ ಹಿಂದೆ ಹೆಂಗಸರು ಹತ್ತಲು ಕಬ್ಬಿಣದ ಮೆಟ್ಟಿಲು ಬಡಿಸಿದ. ಕಾಕಾ ತನ್ನ ಪಾಲಿಗೆ ಹಸಿರು ಬಣ್ಣ ಹೊಡೆಸಿದಾಗ ಅಪ್ಪ ಸುಮ್ಮನೆ ಕೂರುತ್ತಾನೆಯೇ? ಹಿಂದಿನ ಅರ್ಧ ಕೆಂಪಾಯಿತು! ದುರ್ಗದಬೈಲಿನಲ್ಲಿ ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಗಾಡಿ ನೋಡಿ ಎದೆ ಬಡಿದುಕೊಂಡಳು:

"ಅಯ್ಯ ಶಿವನ! ಎರಡ ಗಾಡಿ ಡಿಕ್ಕಿ ಹೊಡದ ಒಂದರಾಗೊಂದ ಸಿಕ್ಕಾವಲ್ಲೋ!"

ಕಾಕಾ ಗಾಡಿ ನಿಲ್ಲಿಸಿ, ಇಳಿದು, ಅವಳಿಗೆ ಮುಂದಿನ ಅರ್ಧವನ್ನು ಸಾವಧಾನವಾಗಿ ತೋರಿಸಿ ಬಂದ. ಹಿಂದಿನ ಅರ್ಧದ ಬಗ್ಗೆ ಅವಳು ಕೇಳಿದಾಗ, "ಅದು ನನಗ ಗೊತ್ತಿಲ್ಲಬೇ, ಅದರ ಮಾಲಕರು ಒಳಗ ಕುಂತಾರ" ಅಂದ!

ಈ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗಾಡಿಯಲ್ಲಿ ಹೋಗುವುದು ಹೇಗೆ ಎಂದಿರಾ? ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕಲ್ಲ! ಹೊಲ ಹಂಚಿದ್ದರೂ ಭೂಮಿತಾಯಿಗೆ ನೈವೇದ್ಯದ ಬುಟ್ಟಿ ಒಂದೇ ಗಾಡಿಯಲ್ಲಿ ಹೋಗಬೇಕೆಂದು ನನ್ನ ಅವ್ವ ಮತ್ತು ಕಾಕಾನ ಹೆಂಡತಿ ಕಾಕೂ ಪಟ್ಟು ಹಿಡಿದಿದ್ದರು. ಕಾಕಾ ಸ್ಟೇರಿಂಗ್ ಹಿಡಿದ. ಅಪ್ಪ ತನ್ನ ಪಾಲಿನ ಕಟ್ಟಕಡೆಯ ಸೀಟಿನಲ್ಲಿ ಕುಳಿತ. ನಡುವೆ ಹೆಂಗಸರು, ಮಕ್ಕಳು, ಎಣ್ಣೆಗಾಯಿ, ಸಜ್ಜಿರೊಟ್ಟಿ, ಶೇಂಗಾಹೋಳಿಗೆ. ಊರು ದಾಟಿದ ಕೂಡಲೇ ಹಿಂದಿನಿಂದ ಅಪ್ಪನ ದನಿ:

"ಗಾಡೀ, ಮುಂದ ಎತ್ತ ಬರಾಕತ್ತಾವ, ಸ್ವಲ್ಪ ಸಾವಕಾಶ ಹೋಗವಾ."

ಮುಂದಿನಿಂದ ಕಾಕಾ, ಸ್ಟೇರಿಂಗಿಗೆ: "ಗಾಡೀ, ನಿನಗೂ ಎರಡ ಕಣ್ಣ ಅದಾವ ಅಂತ ಹಿಂದ ಕುಂತವ್ರಿಗೆ ಹೇಳು."

"ಗಾಡೀ, ಕಣ್ಣ ಅದಾವ ಖರೇ, ಆದ್ರ ಒಂದರದು ಬಲ್ಬ ಸುಟ್ಟೈತಿ ಅಂತ ನಿನ್ನ ಮಾಲಕಗ ಹೇಳು."

"ಹಿಂದಿನ ಎಡಗಾಲಿ ಗಾಳಿ ಕಡಿಮಿ ಐತಿ, ಗಾಡೀ. ನಿನ್ನ ಬಾಲದ ಮಾಲಕಗ ಹೋಳಿಗಿ ಮ್ಯಾಗ ಲಕ್ಷ್ಯ ಭಾಳ, ಗಾಲಿ ಮ್ಯಾಗ ಇಲ್ಲ."

ಕಾಕೂ ಸೆರಗು ಬಾಯಿಗಿಟ್ಟುಕೊಂಡು ನನ್ನ ಅವ್ವನ ಕಿವಿಯಲ್ಲಿ, "ಅಕ್ಕಾ, ನಮ್ಮ ಜೋಡಿ ಇಷ್ಟ ಮಾತಾಡಿದ್ರ ಏನ ಬೇಕಾಗಿತ್ತರಿ?" ಅಂದಳು. ಹೊಲ ಮುಟ್ಟುವವರೆಗೂ ಮಾತು ನಿಲ್ಲಲಿಲ್ಲ. ಇಂಜಿನ್ನು ಆರಿದೊಡನೆ ಇಬ್ಬರೂ ಮೂಕರು! ಒಬ್ಬ ಈ ಬದುವಿನಲ್ಲಿ, ಒಬ್ಬ ಆ ಬದುವಿನಲ್ಲಿ ಕುಳಿತು ಹೋಳಿಗೆ ತಿಂದರು.

ಧಾರವಾಡದ ಸಪ್ತಾಪುರದಲ್ಲಿ ಒಬ್ಬ ಪ್ರೊಫೆಸರರ ಹತ್ತಿರ ಇಂಥದೇ ಇನ್ನೊಂದು ವ್ಯಾಗನ್ ಇತ್ತು. ಅವರು ಭಾನುವಾರಕ್ಕೊಮ್ಮೆ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಎರಡು ಗಾಡಿ ಎದುರು ಬದುರು ನಿಲ್ಲಿಸಿ ಸುಖದುಃಖ ಮಾತಾಡುವುದು. ಬೀಗರು ಸಹ ಅಷ್ಟು ಪ್ರೀತಿಯಿಂದ ಮಾತಾಡುವುದಿಲ್ಲ!

"ನಿಮ್ಮದು ಏರಿಗೆ ಹೆಂಗ್ರಿ? ನಂದು ನವಲೂರ ಏರು ಬಂತಂದ್ರ ಚಹಾದ ಕೆಟ್ಲಿ ಆಗ್ತದ ನೋಡ್ರಿ" ಎಂದು ಪ್ರೊಫೆಸರರು ಒಪ್ಪಿಕೊಂಡರು.

ಕಾಕಾ ಎದೆ ಉಬ್ಬಿಸಿದ. "ನಮ್ಮದು ಏರು ಇಳುವು ನೋಡೂದ ಇಲ್ಲರಿ. ಕುದೀಯೂದಂದ್ರ ಅದಕ್ಕ ಗೊತ್ತ ಇಲ್ಲ."

ಇದು ಶುದ್ಧ ಸುಳ್ಳು! ನವಲೂರು ಏರಿನಲ್ಲಿ ನಮ್ಮ ಗಾಡಿಗೆ ನೀರು ಕುಡಿಸಲೆಂದೇ ನಾನು ಒಂದು ಕೊಡ ಇಟ್ಟುಕೊಂಡಿರುತ್ತಿದ್ದೆ. ಆದರೆ ಗಾಡಿಯ ಒಂದೇ ಒಂದು ದೋಷವನ್ನು ಪರರ ಮುಂದೆ ಒಪ್ಪುವ ಜಾತಿಯಲ್ಲ ನಮ್ಮ ಕಾಕಾ. ಬಾಗಿಲು ಕಿರುಗುಟ್ಟಿದರೆ, "ಕಳ್ಳರು ಬಂದ್ರ ಗೊತ್ತಾಗ್ಲಿ ಅಂತ ಹಂಗ ಬಿಟ್ಟೇನ್ರಿ" ಅನ್ನುತ್ತಿದ್ದ. ಹೊಗೆ ಬಂದರೆ, "ಸೊಳ್ಳಿ ಬರೂದಿಲ್ಲ" ಅನ್ನುತ್ತಿದ್ದ. ನನಗೂ ಹೆಮ್ಮೆಯೇ ಅನ್ನಿ. ತನ್ನ ಮಾಲನ್ನು ತಾನೇ ಹೊಗಳದವನು ಅಂಗಡಿ ತೆರೆಯಲೇಬಾರದು.

ಹೀಗಿರುವಾಗ ಒಂದು ದಿನ ಧಾರವಾಡದಿಂದ ಬರುವಾಗ ಇಂಜಿನ್ನು ದೊಡ್ಡದಾಗಿ ಕೆಮ್ಮಿ, ಕರಿಯ ಎಣ್ಣೆ ಕಾರಿ ನಿಂತುಬಿಟ್ಟಿತು. ಎತ್ತು ಕಟ್ಟಿ ಮನೆಗೆ ಎಳೆದು ತಂದೆವು. ನಾನು ಬಿಚ್ಚಿ ನೋಡಿದೆ. ಒಳಗಿನದೆಲ್ಲ ಸವೆದಿತ್ತು. ಇಂಥದಕ್ಕೆ ಸಾಮಾನು ಹುಡುಕಿ ಹಾಕಿಸುವುದಕ್ಕಿಂತ ಮಾರಿ, ಇಬ್ಬರೂ ಬೇರೆ ಬೇರೆ ಸಣ್ಣ ಗಾಡಿ ಕೊಳ್ಳುವುದೇ ವ್ಯವಹಾರ. ಪ್ರೊಫೆಸರರಿಗೆ ತಮ್ಮ ಗಾಡಿಗೆ ಹಾಕಲು ನಮ್ಮದರ ಮೈ, ಗಾಜು, ಗೇರಿನ ಪೆಟ್ಟಿಗೆ ಎಲ್ಲ ಬೇಕಾಗಿತ್ತು. ನಾನು ನಡುವೆ ನಿಂತು, ಅವರ ಹೆಂಡತಿಯ ಎದುರೇ ಮಾತು ಏರಿಸಿ ಏರಿಸಿ, ಹೊಸ ಗಾಡಿಗೆ ನಾಚಿಕೆಯಾಗುವಂಥ ಬೆಲೆಗೆ ಒಪ್ಪಿಸಿದೆ! (ಹೆಂಡತಿಯ ಎದುರು ಚೌಕಾಶಿ ಮಾಡಲು ಪ್ರೊಫೆಸರರು ನಾಚುತ್ತಾರೆ. ನೆನಪಿಡಿ, ಉಪಯೋಗಕ್ಕೆ ಬರುತ್ತದೆ.)

ಅಪ್ಪನನ್ನು ಕೇಳಿದೆ. "ಅವಂಗ ಕೇಳು. ಅಂವ ಹೂಂ ಅಂದ್ರ ನನ್ನದೂ ಹೂಂ."

ಗೋಡೆ ಸುತ್ತಿ ಹೋಗಿ ಕಾಕಾನನ್ನು ಕೇಳಿದೆ. "ನಿಮ್ಮಪ್ಪಗ ಕೇಳು. ಅವರ ಹೂಂ ಅಂದ್ರ ನಾ ಯಾಕ ಅಡ್ಡ ಬರ್ಲಿ?"

ಎರಡು ಹೂಂ ಸೇರಿ ಒಂದು ಸೌದಾ ಆಯಿತು ಎಂದು ಖುಷಿಯಿಂದ ಅಡುಗೆಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು.

"ಏನ ಶಾಣ್ಯಾ ಇದ್ದೀಯೋ ಮಗನ! ಆ ಗಾಡಿ ಹೋದ್ರ ಇವರಿಬ್ರೂ ಇನ್ನ ಯಾರ ಮುಂದ ಮಾತಾಡ್ಬೇಕು? ಸಾಯೂತನಾ ಒಬ್ಬರ ದನಿ ಒಬ್ಬರಿಗೆ ಕೇಳಿಸಬಾರದೇನು?"

"ಅವರ ಹೂಂ ಅಂದಾರಬೇ."

"ಅಂದಾರ. ಇಬ್ಬರೂ ಮುಂಜಾನಿಂದ ಊಟಾ ಮಾಡಿಲ್ಲ, ಅದನ್ನ ನೋಡಿಯೇನು?"

ನಾನು ನೋಡಿರಲಿಲ್ಲ. ಆದರೆ ಕೊಟ್ಟ ಮಾತು ಕೊಟ್ಟಾಗಿತ್ತು. ಭಾನುವಾರ ಪ್ರೊಫೆಸರರು ಹಣದ ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಂದೇ ಬಂದರು. ಕೊನೆಯ ಸಲ ನೋಡಲೆಂದು ಗಾಡಿಯನ್ನು ಅಂಗಳದ ನಡುವೆ ದೂಡಿಸಿ ತಂದು ನಿಲ್ಲಿಸಿದ್ದೆ. ಮೂತಿಯ ಕಡೆ ಕಾಕಾ, ಬಾಲದ ಕಡೆ ಅಪ್ಪ. ಇಬ್ಬರೂ ತೊಳೆದ ಧೋತರ ಉಟ್ಟಿದ್ದರು, ಮಗಳನ್ನು ಕಳಿಸಿಕೊಡುವವರ ಹಾಗೆ.

"ಎಲ್ಲಾ ಛಲೋ ಅದ ಅಲ್ಲರಿ?" ಎಂದು ಪ್ರೊಫೆಸರರು ಸುಮ್ಮನೆ ಶಾಸ್ತ್ರಕ್ಕೆ ಕೇಳಿದರು.

ಕಾಕಾ ಗಂಟಲು ಸರಿಮಾಡಿಕೊಂಡ. ಹೊಗಳಿಕೆಯ ಮಹಾಪೂರ ಬರುತ್ತದೆಂದು ನಾನು ಹಿಗ್ಗಿ ನಿಂತಿದ್ದೆ. ಅವನು ಅಂದದ್ದು:

"ಖರೇ ಹೇಳ್ಲೇನ್ರಿ ಮಾಸ್ತರ? ಗೇರು ಜಿಗೀತೈತಿ."

ನಾನು ಹಿಂದಿನಿಂದ ಅವನ ಧೋತರ ಜಗ್ಗಿದೆ. ಅವನು ನಿಲ್ಲಿಸಲಿಲ್ಲ!

"ನವಲೂರ ಏರಿಗೆ ಕುದೀತೈತ್ರಿ. ಪ್ರತಿ ಸಲಾ. ನಿಮಗ ಸುಳ್ಳ ಹೇಳಿದ್ದೆ. ಸ್ಟೇರಿಂಗು ಎಡಕ್ಕ ಎಳೀತೈತಿ. ಬ್ರೇಕ ಹಿಡಿಯೂದು ಅದರ ಮನಸಿಗೆ ಬಂದ್ರ ಅಷ್ಟ."

ಜನ್ಮದಲ್ಲಿ ಗಾಡಿಯ ಒಂದು ಸ್ಕ್ರೂ ಸಡಿಲವಿದೆ ಎಂದು ಒಪ್ಪದ ಮನುಷ್ಯ! ಒಂದೊಂದು ದೋಷ ಹೇಳುವಾಗಲೂ ಅವನ ಮುಖ ತನ್ನ ಹಲ್ಲು ತಾನೇ ಕೀಳುವವನ ಹಾಗಿತ್ತು. ನಾನು ಕಣ್ಣು ಹೊಡೆದೆ, ಕೆಮ್ಮಿದೆ, ಕಾಲು ತುಳಿದೆ. ಅಷ್ಟರಲ್ಲಿ ಹಿಂದಿನಿಂದ ಅಪ್ಪ:

"ಹಿಂದಿನ ಕಟ್ಟಿಗಿಗೆ ಒಳಗಿಂದ ಗೆದ್ದಲ ಹತ್ತೈತ್ರಿ. ಕೆಂಪ ಬಣ್ಣದಾಗ ಕಾಣಸೂದಿಲ್ಲ. ಮಳಿ ಬಂದ್ರ ಛತ್ರಿ ಹಿಡಕೊಂಡ ಕೂಡಬೇಕು."

"ಚೌಕಟ್ಟ ಸೊಟ್ಟ ಐತ್ರಿ," ಅಂದ ಕಾಕಾ, ಬಗ್ಗಿ ಕೆಳಗೆ ಬೆರಳು ತೋರಿಸುತ್ತ. "ಇಲ್ಲೆ ನೋಡ್ರಿ, ಈ ತೆಗ್ಗು. ಹುಣಸಿ ಗಿಡಕ್ಕ ಹೊಡದದ್ದು. ಇದು… ಇದು ನೀ ನನಗ ಗಾಡಿ ಕಲಸುವಾಗ ಬಿದ್ದದ್ದಲ್ಲೇನಣ್ಣಾ?"

ಕಾಕಾ ಬಗ್ಗಿದವನು ಬಗ್ಗಿದ ಹಾಗೆಯೇ ಇದ್ದ. ಅಪ್ಪ ಮೇಲುಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ನಾ ಬ್ರೇಕ ಅಂದ್ರ ನೀ ಎಕ್ಸಲೇಟರ ತುಳದಿ" ಅಂದ.

"ನೀ ಬ್ರೇಕ ಅಂದಿದ್ದಿಲ್ಲ! 'ಏ ಏ ಏ' ಅಂದಿದ್ದಿ. 'ಏ ಏ ಏ' ಅಂದ್ರ ನಾ ಏನ ತಿಳ್ಕೋಬೇಕು?"

"ಗಿಡಾ ಎದರಿಗೆ ಐತಿ ಅಂತ ತಿಳ್ಕೋಬೇಕೋ ಹುಚ್ಚಾ! ಅಪ್ಪ ಬೈತಾನಂತ ಆಮ್ಯಾಲೆ ನೀ ಅತ್ತಿ."

"ಅತ್ತೆ. ನೀ ತಪ್ಪ ನಿಂದು ಅಂತ ಹೇಳಿ ಬೆತ್ತಾ ತಿಂದಿ."

ಪ್ರೊಫೆಸರರು ಒಮ್ಮೆ ಅಪ್ಪನನ್ನು ನೋಡಿದರು, ಒಮ್ಮೆ ಕಾಕಾನನ್ನು ನೋಡಿದರು. ಓದಿದ ಮನುಷ್ಯ, ಅರ್ಥ ಮಾಡಿಕೊಂಡರು. ಚೀಲವನ್ನು ಇನ್ನಷ್ಟು ಕಂಕುಳಕ್ಕೆ ಒತ್ತಿಕೊಂಡು, "ಇಷ್ಟ ಕೆಟ್ಟ ಗಾಡಿ ನನಗ ಬ್ಯಾಡ್ರಪಾ" ಎಂದು ನಗುತ್ತ ನನ್ನ ಬೆನ್ನು ತಟ್ಟಿ ಹೊರಟರು. ನನ್ನ ಇಡೀ ವ್ಯಾಪಾರದ ಬದುಕಿನಲ್ಲಿ ಕೈಗೆ ಬಂದು ತಪ್ಪಿದ ಅತಿ ದೊಡ್ಡ ಸೌದಾ ಅದು. ಎಲ್ಲರ ಮುಂದೆಯೂ ಎದೆ ತಟ್ಟಿ ಹೇಳಿಕೊಳ್ಳುತ್ತೇನೆ!

ಗಾಡಿ ಅಂಗಳದ ನಡುವೆಯೇ ಉಳಿಯಿತು. ಬಿಸಿಲೇರುತ್ತಿತ್ತು. ಕಾಕಾ ಬಾನೆಟ್ಟು ಮುಚ್ಚಿ ಹಿಂದಕ್ಕೆ ನಡೆದು ಬಂದ. ಸುಣ್ಣದ ಗೆರೆ ಎಂದೋ ಅಳಿಸಿಹೋಗಿತ್ತು. ಇದ್ದಿದ್ದರೂ ಅವನು ನೋಡುತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ನಿಂತು, ಕೆಂಪು ಬಾಗಿಲಿಗೆ ಹೆಗಲು ಕೊಟ್ಟು, "ನೆರಳಿಗೆ ದೂಡೂಣು, ಕೈ ಹಚ್ಚಣ್ಣಾ" ಅಂದ. ಅಪ್ಪ ಮೇಲುಹೊದಿಕೆ ತೆಗೆದು ನನ್ನ ಕೈಗೆ ಕೊಟ್ಟ.

ಇಬ್ಬರಿಗೂ ವಯಸ್ಸಾಗಿತ್ತು, ಗಾಡಿ ಅಲುಗಲಿಲ್ಲ. ನಾನು ತೋಳು ಮೇಲೇರಿಸಿಕೊಂಡು ಮುಂದೆ ಹೋದೆ.

"ನೀ ದೂರ ನಿಂದ್ರಪಾ" ಅಂದರು ಇಬ್ಬರೂ, ಒಂದೇ ಉಸಿರಿನಲ್ಲಿ. "ಇದು ನಮ್ಮಿಬ್ರ ಗಾಡಿ."