ನಾಲ್ಕನೇ ಪುಟದ ಓರೆ ಅಕ್ಷರಗಳ ಸನ್ನಿಧಾನಕ್ಕೆ

ಮಾನ್ಯ ನಾಲ್ಕನೇ ಪುಟದವರೇ,

'ಟೆಲಿಫೋನ್ ಮತ್ತು ವಾಯ್ಸ್‌ಮೇಲ್ ಜೋಡಣೆಯ ಕೈಪಿಡಿ, ಕನ್ನಡ ಆವೃತ್ತಿ' ಎಂಬ ಇನ್ನೂರ ಹನ್ನೆರಡು ಪುಟಗಳ ಗ್ರಂಥದಲ್ಲಿ 'ಇಲ್ಲಿ ಬಳಸಿರುವ ಅಕ್ಷರ ಸಂಪ್ರದಾಯಗಳು' ಎಂಬ ಶಿರೋನಾಮೆ ಹೊತ್ತು ವಿರಾಜಮಾನರಾಗಿರುವ ತಮಗೆ, ಚಾಮರಾಜಪೇಟೆಯಲ್ಲಿ ಶೀನಣ್ಣನವರ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷದಿಂದ ಪ್ರೂಫ್ ನೋಡುತ್ತಿರುವ ಶ್ರೀಹರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ದಪ್ಪಕ್ಷರ, ಓರೆ ಅಕ್ಷರ, ಬೂದು ಚೌಕ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದಾಗ ಬರುವ ಕರೆಗಳೆಲ್ಲ ಹಾಳಾಗುತ್ತಿವೆಯೆಂದು ಶೀನಣ್ಣನವರು ಕಳೆದ ತಿಂಗಳು ಈ ಯಂತ್ರವನ್ನು ತಂದರು. ಅದನ್ನು ಜೋಡಿಸಿಕೊಡುವವರು ಬರಲು ಹದಿನೈದು ದಿನವಾಗುತ್ತದೆಂದು ತಿಳಿದದ್ದೇ ತಡ, ಕೈಪಿಡಿಯನ್ನು ನನ್ನ ಮೇಜಿನ ಮೇಲೆ ಹಾಕಿ, ಓದುವುದೇ ನಿಮ್ಮ ಕೆಲಸ ತಾನೇ, ಓದಿ ಸ್ವಾಮಿ ಎಂದುಬಿಟ್ಟರು. ನಾನು ಓದಿದೆ. ಓದಿ ಹದಿನೇಳು ತಪ್ಪು ತಿದ್ದಿದ್ದೇನೆ, ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದೆ. ಅವುಗಳಲ್ಲಿ ಎರಡು ತಮ್ಮ ಪುಟದವೇ ಎಂದು ತಿಳಿಸಲು ವಿಷಾದವಾಗುತ್ತದೆ.

ದಪ್ಪಕ್ಷರದಲ್ಲಿರುವುದು ಒತ್ತಬೇಕಾದ ಗುಂಡಿ, ಓರೆ ಅಕ್ಷರದಲ್ಲಿರುವುದನ್ನು ತೆಗೆದು ಅಲ್ಲಿ ನಿಮ್ಮ ಸ್ವಂತ ವಿವರ ತುಂಬಿಕೊಳ್ಳಿ ಎಂದು ತಾವು ಸ್ಪಷ್ಟವಾಗಿಯೇ ಅಪ್ಪಣೆ ಕೊಡಿಸಿದ್ದೀರಿ. ಆ ಸಾಲಿನಲ್ಲಿ ಕೈಬಿಟ್ಟುಹೋಗಿದ್ದ ಒತ್ತಕ್ಷರವನ್ನು ಹಾಕಿದವನೂ ನಾನೇ. ಆದರೆ ಪ್ರೂಫ್ ನೋಡುವವನು ಅಕ್ಷರ ಓದುತ್ತಾನೆಯೇ ಹೊರತು ಅರ್ಥ ಓದುವುದಿಲ್ಲ, ಓದಿದರೆ ಮೂವತ್ತೊಂದು ವರ್ಷ ಲಗ್ನಪತ್ರಿಕೆಗಳ ನಡುವೆ ಬಾಳಲಾರ. ಇನ್ನೊಂದು ವಿಷಯ. ನಮ್ಮ ಪ್ರೆಸ್ಸಿನಲ್ಲಿ ಓರೆ ಅಕ್ಷರದಲ್ಲಿ ಬರುವುದು ಒಂದೇ ಸಾಲು, ಪತ್ರಿಕೆಯ ನೆತ್ತಿಯ ಮೇಲಿನ ಕುಲದೇವರ ಪ್ರಸನ್ನ. ವಧುವಿನ ಡಿಗ್ರಿ ಬದಲಾಗಬಹುದು, ಛತ್ರವೇ ಬದಲಾಗಬಹುದು, ಆ ಸಾಲನ್ನು ಮಾತ್ರ ಶೀನಣ್ಣನವರೂ ಮುಟ್ಟುವಂತಿಲ್ಲ. ಹಾಗಾಗಿ ತಮ್ಮ ಓರೆ ಅಕ್ಷರಗಳನ್ನೂ ನಾನು ಕೈಮುಗಿದು, ಇದ್ದದ್ದನ್ನು ಇದ್ದ ಹಾಗೇ ಇಳಿಸಿದೆ.

ಅದರ ಫಲವಾಗಿ, ಆರ್ಡರ್ ಬರೆದುಕೊಳ್ಳುವ ನಮ್ಮ ಗೋದಾ ತನ್ನ ಜೇನಿನಂಥ ಕಂಠದಲ್ಲಿ, ನಮಸ್ಕಾರ, ನಿಮ್ಮ ಸಂಸ್ಥೆಯ ಹೆಸರು, ದಯವಿಟ್ಟು ಸಂದೇಶ ಬಿಡಿ ಎಂದು ಧ್ವನಿಮುದ್ರಿಸಿದಳು. ಸಂದೇಶಗಳು ಹೋಗಿ ಬೀಳುವ ಪೆಟ್ಟಿಗೆಯ ಸಂಖ್ಯೆಯೂ ತಮ್ಮ ಉದಾಹರಣೆಯಲ್ಲಿ ಓರೆಯಾಗಿ ನಿಂತಿದ್ದ ೪೪೫೫ ಎಂಬುದೇ ಆಯಿತು. ನಮಗೆ ಕೊಟ್ಟಿದ್ದ ಪೆಟ್ಟಿಗೆಯ ಸಂಖ್ಯೆ ಹನ್ನೆರಡು. ಫೋನಿನ ಕೆಂಪು ದೀಪ ಹನ್ನೆರಡಕ್ಕೆ ಮಾತ್ರ ಹತ್ತುತ್ತಿದ್ದುದರಿಂದ ಹತ್ತಲೇ ಇಲ್ಲ, ಎಷ್ಟು ನೆಮ್ಮದಿ ನೋಡಿ ಎಂದು ನಾವೆಲ್ಲ ಖುಷಿಪಟ್ಟೆವು.

ಅಷ್ಟರಲ್ಲಿ ಗವಿಪುರಂನ ಸರಸ್ವತಮ್ಮನವರು, ಮೊಮ್ಮಗಳು ಯಶಶ್ರೀಯ ಮುಹೂರ್ತವನ್ನು ಪುರೋಹಿತರು ಹತ್ತು ಇಪ್ಪತ್ತರಿಂದ ಒಂಬತ್ತು ಐದಕ್ಕೆ ಹಿಂದೂಡಿದ್ದನ್ನು ತಿಳಿಸಲು ನಾಲ್ಕು ದಿನ ನಾಲ್ಕು ಸಲ, ಸರಿಯಾಗಿ ನಾವು ಅನ್ನ ಸಾರು ಕಲಸುವ ಹೊತ್ತಿಗೇ ಫೋನ್ ಮಾಡಿದ್ದಾರೆ. ಗೋದಾಳ ಪ್ರಶ್ನೆಗೆ ವಿಧೇಯರಾಗಿ, ನನಗ್ಯಾವ ಸಂಸ್ಥೇನೂ ಇಲ್ಲಮ್ಮ, ಮಹಿಳಾ ಸಮಾಜದಲ್ಲಿ ಮೆಂಬರ್ ಅಷ್ಟೇ ಎಂದು ಪ್ರತಿ ಸಲವೂ ಉತ್ತರ ಕೊಟ್ಟು, ಆಮೇಲೆ ಮುಹೂರ್ತ ಹೇಳಿದ್ದಾರೆ. ಪತ್ರಿಕೆಗಳು ಹತ್ತು ಇಪ್ಪತ್ತೆಂದೇ ಅಚ್ಚಾಗಿ ಹೋದವು, ನಾನೂರು. ಅವು ಹಾಗೇ ಹಂಚಿಹೋಗಿದ್ದರೆ ನೆಂಟರೆಲ್ಲ ತಾಳಿ ಕಟ್ಟಿ ಮುಗಿದ ಮೇಲೆ ಅಕ್ಷತೆ ಹಿಡಿದು ನಿಲ್ಲಬೇಕಿತ್ತು. ನನ್ನ ಕೈದಾಟಿ ತಪ್ಪು ಮುಹೂರ್ತ ಹೊರಗೆ ಹೋದದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು, ಅಂದು ನನಗೆ ಊಟ ಸೇರಲಿಲ್ಲ.

ಸರಸ್ವತಮ್ಮನವರು ಆಟೋದಲ್ಲಿ ಬಂದಿಳಿದು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅಷ್ಟು ಮರ್ಯಾದೆಯಾಗಿ ವಿಚಾರಿಸಿಕೊಂಡ ಹೆಣ್ಣುಮಗಳು ಯಾರು ಎಂದಷ್ಟೇ ಕೇಳಿದರು. ಮದುವೆಗೆ ಹನ್ನೆರಡೇ ದಿನವಿತ್ತು, ಮರುಮುದ್ರಣಕ್ಕೆ ಆ ಕಾಗದ ಪೇಟೆಯಲ್ಲೆಲ್ಲೂ ಸಿಗಲಿಲ್ಲ. ಆದ್ದರಿಂದ ಗೋದಾಳನ್ನು ಕರೆದುಕೊಂಡು ಅವರ ಮನೆಯ ಹಜಾರದಲ್ಲಿ ಕೂತು, ನಾಲ್ಕು ಲೋಟ ಕಾಫಿಯ ಬಲದಿಂದ ನಾನೂರನ್ನೂ ಕೈಯಲ್ಲೇ ತಿದ್ದಿದೆ.

ತಿದ್ದಿದೆನೇನೋ ಸರಿ, ಅಭ್ಯಾಸಬಲ ನೋಡಿ! ಹತ್ತು ಇಪ್ಪತ್ತರ ಮೇಲೆ ಗೆರೆ ಎಳೆದು ಒಂಬತ್ತು ಐದು ಎಂದು ಬರೆದವನು, ಪಕ್ಕದ ಅಂಚಿನಲ್ಲಿ 'ಇದನ್ನು ತೆಗೆಯಿರಿ' ಎಂಬುದಕ್ಕೆ ನಾವು ಹಾಕುವ ಬಾಲ ಸುತ್ತಿದ ಗುರುತನ್ನೂ ಹಾಕಿಬಿಟ್ಟಿದ್ದೇನೆ, ನಾನೂರಕ್ಕೂ, ಕೆಂಪು ಶಾಯಿಯಲ್ಲಿ. ಮದುವೆಗೆ ಎಲ್ಲರೂ ಒಂಬತ್ತಕ್ಕೇ ಬಂದರು. ಆದರೆ ಆ ಗುರುತು ಹೆಣ್ಣಿನ ಮನೆತನದ ಯಾವುದೋ ಮಂಗಳ ಚಿಹ್ನೆಯೆಂದು ತಿಳಿದು, ನಮ್ಮ ಹೆಸರಿನ ಪಕ್ಕ ಯಾಕೆ ಹಾಕಿಸಲಿಲ್ಲ ಎಂದು ಅಕ್ಕಿಪೇಟೆಯ ಬೀಗರು ಮುನಿಸಿಕೊಂಡರಂತೆ. ಈಗ ಅದೇ ಗುರುತು ಬೇಕೆಂದು ಮೂರು ಮನೆಯವರು ಆರ್ಡರ್ ಕೊಟ್ಟುಹೋಗಿದ್ದಾರೆ.

ಆಗ ನನಗೆ ಹೊಳೆದದ್ದೇನೆಂದರೆ, ತಾವಾದರೂ ತಮ್ಮ ಗುರುತುಗಳಿಗೊಂದು ಪುಟ ಬರೆದಿದ್ದೀರಿ, ನಾನು ಅದನ್ನೂ ಬರೆಯಲಿಲ್ಲ. ಆದಕಾರಣ ತಮ್ಮ ಮೇಲಿನ ಸಿಟ್ಟನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧದ ಬಾಬ್ತು ಕೆಲವೇ ಪ್ರಾರ್ಥನೆಗಳನ್ನು ಸಲ್ಲಿಸುತ್ತೇನೆ. ಮುಂದಿನ ಆವೃತ್ತಿಯಲ್ಲಿ ತಾವು ಪುಸ್ತಕದಿಂದ ಎದ್ದುಬಂದು ಓದುಗನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಬೇಕು. ಓರೆ ಅಕ್ಷರವನ್ನು ಇದ್ದ ಹಾಗೇ ಇಳಿಸಲು ಹೊರಟವನ ಕೈಗೆ ಮೆತ್ತಗೆ ಒಂದೇಟು ಕೊಡಬೇಕು. ಮತ್ತು ನಮ್ಮ ಊಟದ ಹೊತ್ತಾದ ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಲೋಕದಲ್ಲಿ ಯಾರ ಮುಹೂರ್ತವೂ ಬದಲಾಗದಂತೆ ನೋಡಿಕೊಳ್ಳಬೇಕು.

ಇಂತು, ಒತ್ತಕ್ಷರದ ವಿಷಯದಲ್ಲಿ ಎಂದೆಂದಿಗೂ
ತಮ್ಮ ವಿಶ್ವಾಸಿ,
ಶ್ರೀಹರಿ
ಚಾಮರಾಜಪೇಟೆ

ತಾ.ಕ.: ಈ ದೂರನ್ನು ಬಾಯಿಮಾತಿನಲ್ಲೇ ಮುಗಿಸೋಣವೆಂದು, ಕೈಪಿಡಿಯ ಹಿಂದಿನ ರಟ್ಟಿನ ಮೇಲಿರುವ ತಮ್ಮ ಕಂಪನಿಯ ಸಹಾಯವಾಣಿಗೆ ಮೊದಲು ಫೋನ್ ಮಾಡಿದ್ದೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ನಮಸ್ಕಾರ, ನಿಮ್ಮ ಸಂಸ್ಥೆಯ ಹೆಸರು, ದಯವಿಟ್ಟು ಸಂದೇಶ ಬಿಡಿ ಎಂದರು. ಬಿಟ್ಟಿದ್ದೇನೆ. ದಯಮಾಡಿ ತಮ್ಮವರಿಗೆ ೪೪೫೫ನೇ ಪೆಟ್ಟಿಗೆ ತೆಗೆದು ನೋಡಲು ಹೇಳಿ, ಅಲ್ಲಿ ನನಗಿಂತ ಮುಂಚೆ ಬಂದವರು ಬಹಳ ಜನ ಕಾಯುತ್ತಿರಬಹುದು.